ಅತ್ತೆಗೆ ಅಂತ ತಂದ ಮುಲಾಮು

ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರು ಈಜುಕೊಳದ ಸೂಪರಿಂಟೆಂಡೆಂಟ್. ನೀರು ಮೊಣಕಾಲು ದಾಟಿದರೆ ಸಾಕು, ಅವರಿಗೆ ತಲೆ ಸುತ್ತುತ್ತದೆ. ಹಾಗಾಗಿ ನೀರಿನ ಕಡೆಯ ಕೆಲಸವನ್ನೆಲ್ಲ ಕೋಚ್‌ಗೆ ಬಿಟ್ಟುಕೊಟ್ಟು ಇವರು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡರು. ಗೇಟಿನಲ್ಲಿ ಟಿಕೆಟ್ ಹರಿಯುವುದಕ್ಕೆ ಬೇರೆ ಜನ ಇದ್ದರು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತ ಗಾದೆಯೇ ಇದೆಯಲ್ಲ, ಇವರು ಬಂದವರ ಮೈ ನೋಡುವುದಕ್ಕೆ ಶುರು ಮಾಡಿದರು.

ಚರ್ಮರೋಗ ಇರುವವರು ನೀರಿಗೆ ಇಳಿಯಬಾರದು ಎಂಬ ನಿಯಮ ಎಲ್ಲ ಈಜುಕೊಳಗಳಲ್ಲೂ ಇರುತ್ತದೆ. ಬೇರೆ ಕಡೆ ಅದು ಗೋಡೆಯ ಮೇಲೆ ತೂಗಾಡಿಕೊಂಡಿರುತ್ತದೆ, ಯಾರೂ ಓದುವುದಿಲ್ಲ. ನಮ್ಮ ಕೊಳದಲ್ಲಿ ಮಾತ್ರ ನಿಯಮ ಭೂತಗನ್ನಡಿ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಿತ್ತು. ಬಂದವರು ಇವರ ಮುಂದೆ ಎರಡೂ ಕೈ ಮೇಲೆತ್ತಿ ಒಂದು ಸುತ್ತು ತಿರುಗಬೇಕು. ಇವರು ಗಾಜಿನ ಹಿಂದೆ ಒಂದು ಕಣ್ಣು ದೊಡ್ಡದು ಮಾಡಿಕೊಂಡು, "ಹೂಂ... ತಿರುಗಿ... ಇನ್ನೊಂದು ಚೂರು..." ಎನ್ನುತ್ತಿದ್ದರು. ಸೊಳ್ಳೆ ಕಚ್ಚಿದವರನ್ನು ವಾಪಸ್ ಕಳಿಸಿದರು. ಬೆವರುಸಾಲೆ ಎದ್ದ ಮಗುವನ್ನು ವಾಪಸ್ ಕಳಿಸಿದರು. ಒಬ್ಬ ಬ್ಯಾಂಕ್ ಮ್ಯಾನೇಜರರ ಬೆನ್ನಿನ ಮೇಲಿದ್ದ ಹುಟ್ಟುಮಚ್ಚೆಯನ್ನು ನೋಡಿ, "ಈಗ ಶುರು ಆಗ್ತಿದೆ, ಆರೇಳು ತಿಂಗಳಲ್ಲಿ ಮೈಯೆಲ್ಲ ಹರಡುತ್ತೆ" ಎಂದು ಭವಿಷ್ಯ ನುಡಿದರು. ಆ ಮನುಷ್ಯ ಐವತ್ತು ವರ್ಷದಿಂದ ಆ ಮಚ್ಚೆ ಹೊತ್ತುಕೊಂಡು ಓಡಾಡುತ್ತಿದ್ದವರು, ಅವತ್ತು ಸಂಜೆಯೇ ರಕ್ತ ಪರೀಕ್ಷೆ ಮಾಡಿಸಿಕೊಂಡರಂತೆ.

ಇಷ್ಟೆಲ್ಲ ವಿದ್ಯೆ ಎಲ್ಲಿಂದ ಬಂತು ಎಂದರೆ, ಸೋಪಿನ ಕಂಪನಿಯೊಂದು ಹಂಚಿದ ಗೋಡೆಚಿತ್ರದಿಂದ. ಅದರಲ್ಲಿ ಎಂಟೋ ಹತ್ತೋ ರೋಗದ ಬಣ್ಣದ ಪಟ ಇತ್ತು. ಇವರು ಅದನ್ನು ಊಟದ ಮೇಜಿನ ಎದುರಿಗೇ ಅಂಟಿಸಿದ್ದರು. ನಾನು ಮೂರು ಹೊತ್ತೂ ಗೋಡೆಗೆ ಬೆನ್ನು ಹಾಕಿ ಊಟ ಮಾಡುವುದನ್ನು ಕಲಿತೆ.

"ಮನೇಲಿ ಯಾರಿಗಾದ್ರೂ ಅಂಟುರೋಗ ಇದ್ರೆ ಅವರ ಮನೆಯವರನ್ನೂ ಒಳಗೆ ಬಿಡಲ್ಲ," ಎಂದು ಆಮೇಲೆ ಇನ್ನೊಂದು ನಿಯಮ ಸೇರಿಸಿದರು. "ಬೇರು ಸಮೇತ ಕೀಳಬೇಕು ಕಣೇ."

ಅಲ್ಲಿಯವರೆಗೂ ನನಗೆ ನಗು ಬರುತ್ತಿತ್ತು. ನಗು ನಿಂತದ್ದು ಗೊದಮೊಟ್ಟೆಯ ವಿಷಯದಲ್ಲಿ.

ಗೊದಮೊಟ್ಟೆ ಎಂದರೆ ನನ್ನ ತಂಗಿಯ ಮಗಳು. ಹೈಸ್ಕೂಲಿನ ಹುಡುಗಿ. ನೆಲದ ಮೇಲೆ ನಡೆದರೆ ಹೊಸ್ತಿಲಿಗೊಂದು, ಕುರ್ಚಿಗೊಂದು ಎಡವುತ್ತಾಳೆ. ನೀರಿಗೆ ಬಿದ್ದರೆ ಮಾತ್ರ ಬೇರೆಯೇ ಪ್ರಾಣಿ. ಮುಂದಿನ ತಿಂಗಳು ಇದೇ ಕೊಳದಲ್ಲಿ ಜಿಲ್ಲೆಯ ತಂಡಕ್ಕೆ ಆಯ್ಕೆ ಇತ್ತು, ಅವಳು ಬರುವುದು ಖಂಡಿತ ಎಂದು ಕೋಚ್ ಹೇಳಿದ್ದರು. ಅವಳಿಗೆ ಮೊಣಕೈ, ಮೊಣಕಾಲುಗಳ ಮೇಲೆ ಸೋರಿಯಾಸಿಸ್ ಇದೆ. ಚರ್ಮ ಕೆಂಪಗೆ ದಪ್ಪಗಾಗಿ ಮೇಲೆ ಬಿಳಿ ಹೊಟ್ಟು ಏಳುತ್ತದೆ, ಕೆಲವು ತಿಂಗಳು ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಆಗ ಮತ್ತೆ ಎದ್ದಿತ್ತು. ಅದು ಯಾರಿಗೂ ಅಂಟುವುದಿಲ್ಲ ಎಂದು ಅವಳನ್ನು ನೋಡುವ ಡಾಕ್ಟರು ನೂರು ಸಲ ಹೇಳಿದ್ದಾರೆ.

ಅವತ್ತು ಬೆಳಿಗ್ಗೆ ಹುಡುಗಿ ಗೆಳತಿಯರ ಜೊತೆ ಗೇಟಿಗೆ ಬಂದು, "ದೊಡ್ಡಪ್ಪಾ, ನನ್ನ ಸುತ್ತೂ ನೋಡಿಬಿಡಿ" ಎಂದು ನಗುತ್ತಾ ಕೈ ಎತ್ತಿದಳಂತೆ. ಇವರು ಭೂತಗನ್ನಡಿ ಹಿಡಿದರು. ಮೊಣಕೈ ನೋಡಿದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಕತ್ತು ಚಾಚಿದರು. ಇವರು ಗಂಟಲು ಸರಿಮಾಡಿಕೊಂಡು, "ಸಂಬಂಧ ಬೇರೆ, ಡ್ಯೂಟಿ ಬೇರೆ. ನಡಿ ಮನೆಗೆ" ಎಂದರು.

ಮಗು ಎತ್ತಿದ ಕೈ ಇಳಿಸಿ ಮನೆಗೆ ಹೋಯಿತು. ಅವತ್ತಿನಿಂದ ಆ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು ಕೂತಿತು.

ತಂಗಿ ಫೋನ್ ಮಾಡಿದಳು. "ಅಕ್ಕಾ, ಊರಲ್ಲಿ ಯಾರಾದ್ರೂ ಅಂದಿದ್ರೆ ನಾನು ತಡ್ಕೊತಿದ್ದೆ. ಮನೆಯವರೇ ಹೀಗಂದ್ರೆ ಆ ಹುಡುಗಿ ಯಾರಿಗೆ ಮುಖ ತೋರಿಸ್ಬೇಕು? ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಬಡೀತಾಳೆ, ಅಭ್ಯಾಸ ತಪ್ಪಬಾರದಂತೆ. ನೋಡೋಕಾಗಲ್ಲ. ಅವಳು ನೀರಿಗಿಳಿಯೋವರೆಗೂ ನಾನು ನಿನ್ನ ಹತ್ರ ಮಾತಾಡಲ್ಲ, ಬೇಜಾರು ಮಾಡ್ಕೋಬೇಡ."

ಇವರು ಸಂಜೆ ಬಂದಾಗ ಗುಡುಗಿಯೇ ಬಿಟ್ಟೆ.

"ಡಾಕ್ಟ್ರೇ ಅಂಟಲ್ಲ ಅಂದಿದ್ದಾರಲ್ಲಾ ರೀ!"

"ಡಾಕ್ಟ್ರು ಹೇಳೋದು ಅವರ ಕ್ಲಿನಿಕ್‌ನಲ್ಲಿ. ಕೊಳ ನಂದು," ಎಂದು ಇವರು ಶೂ ಬಿಚ್ಚತೊಡಗಿದರು. ಶೂ ಬಿಚ್ಚಿದರೇ ಹೊರತು ಪ್ಯಾಂಟು ಬದಲಾಯಿಸಲಿಲ್ಲ. ಅದೊಂದು ಕಥೆ. ಸೂಪರಿಂಟೆಂಡೆಂಟ್‌ಗೆ ಯೂನಿಫಾರ್ಮ್ ಅಂತ ಇಲಾಖೆ ಏನನ್ನೂ ಕೊಟ್ಟಿರಲಿಲ್ಲ. ಇವರೇ ದರ್ಜಿಯನ್ನು ಹಿಡಿದು, ಹೆಗಲ ಮೇಲೆ ಪಟ್ಟಿ ಇರುವ ಶರ್ಟು, ಗಾಳಿ ಕೂಡ ಅಪ್ಪಣೆ ಕೇಳಿ ಒಳಗೆ ಹೋಗಬೇಕಾದಂಥ ದಪ್ಪ ಬಟ್ಟೆಯ ಪ್ಯಾಂಟು ಹೊಲಿಸಿಕೊಂಡಿದ್ದರು. ಮೇಲೆ ನಾಲ್ಕು ಬೆರಳು ಅಗಲದ ಬೆಲ್ಟು. ಕೊಳದ ಪಕ್ಕದ ಸೆಕೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಅದರಲ್ಲೇ ಬೆವರಿ, ಮನೆಗೆ ಬಂದ ಮೇಲೂ ಯಾರಾದರೂ ನೋಡಲು ಬರಬಹುದು ಎಂದು ಅದರಲ್ಲೇ ಕೂರುತ್ತಿದ್ದರು.

ದೇವರು ದೊಡ್ಡವನು. ಸ್ವಲ್ಪ ದಿನಕ್ಕೇ ಆ ಬೆಲ್ಟಿನ ಕೆಳಗೆ ಅವರಿಗೆ ತುರಿಕೆ ಶುರುವಾಯಿತು.

ಶುರುವಾಗಿದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಇಷ್ಟೇ, ಇವರು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಸೊಂಟ ಒತ್ತಿ ಮೇಲೆ ಕೆಳಗೆ ಉಜ್ಜುತ್ತಿದ್ದರು, ಕಣ್ಣು ಅರ್ಧ ಮುಚ್ಚಿತ್ತು.

"ಏನ್ರೀ ಅದು?"

"ವ್ಯಾಯಾಮ."

"ಚೌಕಟ್ಟು ಅಲ್ಲಾಡ್ತಿದೆ."

"ಅದಕ್ಕೂ ಆಗ್ಲಿ ಬಿಡು."

ಉಳಿದದ್ದೆಲ್ಲ ಆಮೇಲೆ ಗೊತ್ತಾದ ಸಂಗತಿ. ಊರಿನವರ ಮೈ ನೋಡಿ ರೋಗ ಹೇಳುವ ಮನುಷ್ಯ ತನ್ನ ಸೊಂಟ ತೋರಿಸಿಕೊಂಡು ಡಾಕ್ಟರ ಹತ್ತಿರ ಹೇಗೆ ಹೋಗಬೇಕು? ಸೀದಾ ಬೀದಿ ಕೊನೆಯ ಮೆಡಿಕಲ್ ಶಾಪಿಗೆ ಹೋದರು. ಆ ಅಂಗಡಿಯವರನ್ನು ಬೀದಿಯವರೆಲ್ಲ ಗುಳಿಗೆ ಮಾವ ಎನ್ನುತ್ತಾರೆ. ಕಾಯಿಲೆ ಹೇಳುವುದಕ್ಕೆ ಬಾಯಿ ತೆರೆಯುವ ಮೊದಲೇ ಔಷಧಿ ಕವರಿಗೆ ಹಾಕಿರುತ್ತಾರೆ, ಅಷ್ಟು ಚುರುಕು.

"ತುರಿಕೆಗೆ ಏನಾದ್ರೂ ಕೊಡಿ," ಎಂದರು ಇವರು.

"ಯಾರಿಗೆ?"

ಇವರ ಮುಂದೆ ಇಡೀ ಮನೆ ಇತ್ತು. ಹೆಂಡತಿ ಹೆಸರು ಹೇಳಿದರೆ ಮನೆಯಲ್ಲಿ ಊಟ ಸಿಗುವುದಿಲ್ಲ. ಆ ಕ್ಷಣದಲ್ಲಿ ಹೊಳೆದ ಹೆಸರು ಒಂದೇ. "ನಮ್ಮತ್ತೆಗೆ," ಎಂದುಬಿಟ್ಟರು.

ಅತ್ತೆ ಎಂದರೆ ನನ್ನ ಅಮ್ಮ. ನಮ್ಮ ಜೊತೆಯೇ ಇರುವವರು. ಎಪ್ಪತ್ತು ದಾಟಿದರೂ ಮುಖ ತೊಳೆದು, ತಲೆ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು, ಸಂಜೆಯಾದರೆ ಕೆಳಗಿನ ಮನೆಯ ಹಜಾರದಲ್ಲಿ ನಾಲ್ಕು ಜನ ಗೆಳತಿಯರ ಜೊತೆ ಇಸ್ಪೀಟಿಗೆ ಕೂರುವ ಹೆಂಗಸು. ಆಟದಲ್ಲಿ ಅವರಿಗೆ ಅಕ್ಕಪಕ್ಕದವರ ಎಲೆ ಗಾಳಿಯಲ್ಲೇ ಕಾಣುತ್ತದೆ ಎಂಬ ಹೆಸರಿದೆ.

ಗುಳಿಗೆ ಮಾವ ಕೊಟ್ಟದ್ದು ಎಲ್ಲ ರೋಗಕ್ಕೂ ಒಂದೇ ಎನ್ನುವಂಥ ಟ್ಯೂಬು. ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯ. ಇವರು ಬೀಗಿದರು. ಹಚ್ಚುವುದು ನಿಲ್ಲಿಸಿದರು, ಮತ್ತೆ ಬಂತು. ಹಚ್ಚಿದರು, ಹೋಯಿತು. ನಿಲ್ಲಿಸಿದರು, ಈ ಸಲ ಸ್ನೇಹಿತರನ್ನೂ ಕರೆದುಕೊಂಡು ಬಂತು. ಪ್ರತಿ ಸಲ ಹೋಗಿ ಟ್ಯೂಬು ತರುವುದು, ಪ್ರತಿ ಸಲ "ಅತ್ತೆಗೆ ಇನ್ನೂ ಕಮ್ಮಿ ಆಗಿಲ್ಲ" ಎಂದು ನಿಟ್ಟುಸಿರು ಬಿಡುವುದು. ಕೊನೆಕೊನೆಗೆ ಅತ್ತೆಯ ಕಷ್ಟ ಹೇಳುವಾಗ ಇವರ ಕಣ್ಣಲ್ಲಿ ನೀರೂ ಬರುತ್ತಿತ್ತಂತೆ. ಅದು ತುರಿಕೆ ತಡೆದುಕೊಂಡ ನೀರು.

ಗುಳಿಗೆ ಮಾವ ಒಳ್ಳೆಯ ಮನುಷ್ಯ. ಒಂದು ಸಂಜೆ ಅಮ್ಮ ತರಕಾರಿ ಚೀಲ ಹಿಡಿದು ಹೋಗುತ್ತಿದ್ದಾಗ ಅಂಗಡಿಯಿಂದಲೇ ಕೂಗಿ ವಿಚಾರಿಸಿಕೊಂಡರು. "ಅಮ್ಮಾ, ಸೊಂಟದ ಕೆಳಗಿಂದು ಹೇಗಿದೆ ಈಗ?"

ಬೀದಿಯಲ್ಲಿ ಓಡಾಡುತ್ತಿದ್ದವರು ನಿಂತರು. ಅಮ್ಮ ಸೊಂಟದ ಕೆಳಗೆ ನೋಡಿಕೊಂಡರು. "ಯಾವುದಪ್ಪಾ?"

"ನಾಚ್ಕೋಬೇಡಿ ಅಮ್ಮಾ. ತುರಿಕೆ ಯಾರಪ್ಪನ ಮನೆ ಸ್ವತ್ತೂ ಅಲ್ಲ. ಅಳಿಯಂದ್ರು ಎಲ್ಲಾ ಹೇಳಿದ್ದಾರೆ. ಅಂಥ ಅಳಿಯ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು."

ಅಮ್ಮನಿಗೆ ಅರ್ಥವಾಗಲಿಲ್ಲ. ಬೀದಿಗೆ ಚೆನ್ನಾಗಿ ಅರ್ಥವಾಯಿತು. ಮಾರನೇ ಸಂಜೆ ಅಮ್ಮ ಇಸ್ಪೀಟಿಗೆ ಹೋದರೆ ಗೆಳತಿಯರೆಲ್ಲ ಸೋಫಾದ ಒಂದೇ ತುದಿಗೆ ಸರಿದು ಕೂತಿದ್ದರು. ಅಮ್ಮನಿಗೆ ಬಾಗಿಲ ಹತ್ತಿರ ಬೇರೆ ಪ್ಲಾಸ್ಟಿಕ್ ಕುರ್ಚಿ. "ನಿಮ್ಮ ಎಲೆ ನಾನೇ ಹಿಡ್ಕೊತೀನಿ, ನೀವು ಅಲ್ಲಿಂದಲೇ ಯಾವ ಎಲೆ ಅಂತ ಹೇಳಿ ಸಾಕು" ಎಂದರಂತೆ ಆ ಮನೆಯಾಕೆ. ತನ್ನ ಎಲೆ ಎದುರಾಳಿಯ ಕೈಯಲ್ಲಿ! ಅಮ್ಮ ಎದ್ದು ಬಂದುಬಿಟ್ಟರು. ಅಮ್ಮ ಆಟ ಬಿಟ್ಟು ಎದ್ದದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಬಂದವರೇ ನಡುಮನೆಯಲ್ಲಿ ನಿಂತು, "ನನಗೆ ಅಂಟುರೋಗ ಅಂತ ಯಾವನೋ ಊರು ತುಂಬಾ ಹಬ್ಬಿಸಿದ್ದಾನೆ" ಎಂದರು. ಊಟಕ್ಕೆ ಕೂತಿದ್ದ ಯಜಮಾನರ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವರು ಆಚೆ ಬರಲೇ ಇಲ್ಲ.

ನಾನು ಬಚ್ಚಲ ಬಾಗಿಲು ಬಡಿದು ವಿಚಾರಿಸುವಷ್ಟರಲ್ಲಿ ಯಾರೋ ಹೊರಗಿನ ಬಾಗಿಲು ಬಡಿದರು. ತೆರೆದರೆ ಇವರ ಮೇಲಧಿಕಾರಿ, ಕ್ರೀಡಾ ಇಲಾಖೆಯ ಸಾಹೇಬರು. ಮೂಗಿಗೆ ಕರವಸ್ತ್ರ.

"ಸೂಪರಿಂಟೆಂಡೆಂಟ್ ಇದ್ದಾರಾ? ನಾನು ಒಳಗೆ ಬರಲ್ಲ. ಏನೂ ಮುಟ್ಟೋದೂ ಇಲ್ಲ," ಎನ್ನುತ್ತಾ ಒಳಗೆ ಬಂದು ಸೋಫಾದ ಮೇಲೆ ಕೂತರು. ಕೂತ ಮೇಲೆ ನೆನಪಾಗಿ ಹಾರಿ ಎದ್ದರು.

ಯಜಮಾನರು ಒದ್ದೆ ಮುಖದಲ್ಲೇ ಬಂದು ಸೆಟೆದು ನಿಂತರು.

"ಏನ್ರೀ ಇದು? ಪೋಷಕರಿಂದ ದೂರಿನ ಮೇಲೆ ದೂರು. ಊರವರನ್ನೆಲ್ಲಾ ಅಂಟುರೋಗ ಅಂತ ವಾಪಸ್ ಕಳಿಸ್ತೀರಿ, ನಿಮ್ಮನೇಲೇ ಇದೆಯಂತೆ! ಮನೇಲಿದ್ರೆ ಮನೆಯವರಿಗೂ ಪ್ರವೇಶ ಇಲ್ಲ ಅಂತ ರೂಲ್ಸು ಮಾಡಿದ್ದು ಯಾರು?"

"ನಾನೇ ಸಾರ್."

"ಹಾಗಾದ್ರೆ ನಿಮಗೂ ಪ್ರವೇಶ ಇಲ್ಲ."

"ಸಾರ್, ಅತ್ತೆಯವರನ್ನ ಬೇರೆ ರೂಮಲ್ಲಿ ಇಟ್ಟಿದ್ದೀವಿ ಸಾರ್. ತಟ್ಟೆ ಲೋಟ ಎಲ್ಲಾ ಬೇರೆ..."

"ಯಾವ ಅತ್ತೆ?" ಎಂದರು ಅಮ್ಮ, ಅವರ ಬೆನ್ನ ಹಿಂದಿನಿಂದ.

ತುರಿಕೆಯ ಮಾತು ಬಂದ ಕಡೆ ಒಂದು ವಿಚಿತ್ರವಾಗುತ್ತದೆ ನೋಡಿ. ಸಾಹೇಬರು ಮೊದಲು ಕತ್ತು ಕೆರೆದುಕೊಂಡರು. ಅವರನ್ನು ನೋಡಿ ನನಗೆ ಮೊಣಕೈ ಕೆರೆಯಬೇಕೆನಿಸಿತು. ಯಜಮಾನರಂತೂ ಇದೇ ಸಮಯ ಎಂದು ಎರಡೂ ಕೈಯಲ್ಲಿ ಶುರು ಹಚ್ಚಿಕೊಂಡರು. ಕೆರೆಯದೆ ನಿಂತವರು ಆ ಕೋಣೆಯಲ್ಲಿ ಅಮ್ಮ ಒಬ್ಬರೇ.

"ನಡೀರಿ," ಎಂದರು ಅಮ್ಮ. "ಎಲ್ಲರೂ ಚರ್ಮದ ಡಾಕ್ಟ್ರ ಹತ್ರ ನಡೀರಿ. ಯಾರ ಮೈಯಲ್ಲಿ ಏನಿದೆ ಅಂತ ಅಲ್ಲೇ ಗೊತ್ತಾಗ್ಲಿ. ಸಾಹೇಬ್ರೆ, ನೀವೂ ಬನ್ನಿ. ನಮ್ಮ ಸೋಫಾ ಮೇಲೆ ಕೂತಿದ್ದೀರಿ."

ಸಾಹೇಬರು ಬೆಚ್ಚಿ ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದರು.

ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನನ್ನ ತಂಗಿ ಮತ್ತು ಗೊದಮೊಟ್ಟೆ. ಹುಡುಗಿಯನ್ನು ನೋಡುವ ಡಾಕ್ಟರೂ ಇವರೇ, ಅವತ್ತು ತೋರಿಸುವ ದಿನ. ತಂಗಿ ನನ್ನನ್ನು ಕಂಡು ಮುಖ ತಿರುಗಿಸಿದಳು. ಹುಡುಗಿ ದೊಡ್ಡಪ್ಪನನ್ನು ಕಂಡು ಅಂಗಿಯ ತೋಳು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಯಜಮಾನರು ಗೋಡೆಯ ಗಡಿಯಾರ ನೋಡುತ್ತಾ ಒಳಗೆ ನಡೆದರು.

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ನಮ್ಮ ಮೆರವಣಿಗೆಯನ್ನು ನೋಡಿದರು. "ಪೇಷೆಂಟ್ ಯಾರು?"

ಯಜಮಾನರು ಅಮ್ಮನನ್ನು ತೋರಿಸಿದರು. ಅಮ್ಮ ಯಜಮಾನರನ್ನು ತೋರಿಸಿದರು. ಸಾಹೇಬರು ತಮ್ಮನ್ನೇ ತೋರಿಸಿಕೊಂಡು, "ನಾನು ಸೋಫಾ ಮೇಲೆ ಕೂತಿದ್ದೆ ಡಾಕ್ಟ್ರೇ, ಒಂದೇ ಕ್ಷಣ" ಎಂದರು.

ಮೊದಲು ಅಮ್ಮನನ್ನು ಪರದೆಯ ಹಿಂದೆ ಕರೆದೊಯ್ದು ನೋಡಿದರು. "ಅಮ್ಮಾ, ನಿಮ್ಮ ಚರ್ಮಕ್ಕೆ ಏನೂ ಆಗಿಲ್ಲ. ಸ್ವಲ್ಪ ಒಣಗಿದೆ, ಸ್ನಾನ ಆದ್ಮೇಲೆ ಎಣ್ಣೆ ಹಚ್ಚಿ ಸಾಕು." ಅಮ್ಮ ಪರದೆ ಸರಿಸಿ, "ಇದನ್ನ ಇನ್ನೊಂದ್ಸಲ ಜೋರಾಗಿ ಹೇಳಿ, ಹೊರಗಿನವರಿಗೆ ಕೇಳ್ಲಿ" ಎಂದರು. ಡಾಕ್ಟರಮ್ಮ ಜೋರಾಗಿಯೇ ಹೇಳಿದರು. ಆಮೇಲೆ ನನ್ನ ಸರದಿ. ನನ್ನ ಕತ್ತಿನ ಹಿಂದೆ ಒಂದು ದುಂಡನೆಯ ಉಂಗುರ ಸಿಕ್ಕಿತು. ಅಂಚು ಕೆಂಪಗೆ, ನಡುವೆ ಬಿಳಿ.

"ಹುಳಕಡ್ಡಿ. ಹೆಸರಲ್ಲಿ ಹುಳ ಇದೆ ಅಷ್ಟೆ, ಹುಳ ಅಲ್ಲ. ಬೂಷ್ಟು, ಫಂಗಸ್ಸು. ಒಬ್ಬರ ಟವೆಲ್ ಇನ್ನೊಬ್ಬರು ಬಳಸ್ತೀರಾ?"

"ಇವರೂ ನಾನೂ ಒಂದೇ ಟವೆಲ್," ಎಂದೆ. ಹೇಳುತ್ತಿದ್ದಂತೆ ನನಗೆ ಎಲ್ಲ ಹೊಳೆಯಿತು. ಸಿಟ್ಟು ನೆತ್ತಿಗೇರಿತು.

"ನೀವು ಬನ್ನಿ," ಎಂದರು ಡಾಕ್ಟರಮ್ಮ ಯಜಮಾನರಿಗೆ.

"ನನಗೇನೂ ಇಲ್ಲ. ನಾನು ಬರೀ ಜೊತೆಗೆ ಬಂದವನು."

"ಬೆಲ್ಟ್ ಬಿಚ್ಚಿ, ಶರ್ಟ್ ಎತ್ತಿ."

ಎತ್ತಿದರು. ಸಾಹೇಬರು "ಅಯ್ಯಯ್ಯೋ" ಎಂದು ಕಿಟಕಿಗೆ ಸರಿದರು. ಸೊಂಟದ ಸುತ್ತ, ಹೊಟ್ಟೆಯ ಮೇಲೆ, ಬೆನ್ನಿನವರೆಗೆ, ಶಾಲೆಯ ಭೂಪಟದಲ್ಲಿ ದೇಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಲ್ಲ, ಹಾಗೆ ಹಬ್ಬಿತ್ತು.

"ಏನು ಹಚ್ತಿದ್ರಿ?"

ಯಜಮಾನರು ಜೇಬಿನಿಂದ ಹಿಂಡಿ ಚಪ್ಪಟೆಯಾಗಿದ್ದ ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಬಗ್ಗಿ ನೋಡಿದರು. "ಅಳಿಯಂದ್ರೆ," ಎಂದರು ನಿಧಾನವಾಗಿ, "ನನಗೆ ಅಂತ ತಂದ ಮುಲಾಮನ್ನ ನೀವ್ಯಾಕೆ ಹಚ್ಕೊಂಡ್ರಿ?"

ಡಾಕ್ಟರಮ್ಮ ಟ್ಯೂಬನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು. "ಇದರಲ್ಲಿ ಸ್ಟೀರಾಯ್ಡ್ ಇದೆ. ತುರಿಕೆ ನಿಲ್ಸುತ್ತೆ, ಕೆಂಪು ಕಮ್ಮಿ ಮಾಡುತ್ತೆ, ನಿಮಗೆ ವಾಸಿ ಆಯ್ತು ಅನ್ಸುತ್ತೆ. ಒಳಗೆ ಫಂಗಸ್ಸು ಮಾತ್ರ ಕೇಳೋರಿಲ್ಲ ಅಂತ ಮನೆ ಕಟ್ಕೊಂಡು, ಮಕ್ಕಳುಮರಿ ಮಾಡ್ಕೊಂಡು ಇರುತ್ತೆ. ಇದನ್ನ ಇವತ್ತೇ ಬಿಸಾಕಿ. ನಾನು ಬರೆದುಕೊಡೋ ಮುಲಾಮು ಹಚ್ಚಿ, ಮಾತ್ರೆ ತಗೊಳ್ಳಿ. ಕಲೆ ಹೋಯ್ತು ಅಂತ ನಿಲ್ಸಬೇಡಿ, ನಾನು ಹೇಳೋವರೆಗೂ ಹಚ್ಚಿ. ಸಡಿಲ ಹತ್ತಿ ಬಟ್ಟೆ ಹಾಕಿ. ಸ್ನಾನ ಆದ್ಮೇಲೆ ಮೈ ಚೆನ್ನಾಗಿ ಒರೆಸಿ, ಒದ್ದೆ ಇರಬಾರದು. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಟವೆಲ್ ಬೇರೆ ಬೇರೆ."

"ಆ ಪ್ಯಾಂಟು?" ಎಂದೆ ನಾನು.

"ಆ ಪ್ಯಾಂಟನ್ನ ನಾನು ನೋಡಿದ್ದೀನಿ," ಎಂದರು ಡಾಕ್ಟರಮ್ಮ. "ಅದನ್ನ ಯಾರೂ ಹಾಕ್ಕೋಬಾರದು."

ಯಜಮಾನರು ಶರ್ಟು ಇಳಿಸಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹೊರಗಡೆ ಒಂದು ಹುಡುಗಿ ಕೂತಿದೆ. ಅದರ ಮೊಣಕೈ..." ಎಂದರು.

ಡಾಕ್ಟರಮ್ಮನಿಗೆ ವಿಷಯ ಗೊತ್ತಿತ್ತು. ಎದ್ದು ಹೋಗಿ ಗೊದಮೊಟ್ಟೆಯನ್ನು ಕರೆತಂದು, ತೋಳು ಮೇಲೆ ಸರಿಸಿ, ಆ ಕೆಂಪು ಚರ್ಮದ ಮೇಲೆ ತಮ್ಮ ಬರಿ ಅಂಗೈ ಇಟ್ಟರು. "ಇದು ರೋಗಾಣು ಅಲ್ಲ. ಇವಳ ಚರ್ಮಕ್ಕೆ ಬೆಳೆಯೋಕೆ ಸ್ವಲ್ಪ ಅವಸರ, ಅಷ್ಟೆ. ಜೊತೇಲಿ ಊಟ ಮಾಡಿ, ಒಂದೇ ಹಾಸಿಗೇಲಿ ಮಲಗಿ, ಒಂದೇ ಕೊಳದಲ್ಲಿ ಈಜಿ, ಯಾರಿಗೂ ಬರಲ್ಲ. ಇವಳು ಈಜಿದ್ಮೇಲೆ ಒಳ್ಳೆ ನೀರಲ್ಲಿ ಮೈ ತೊಳ್ಕೊಂಡು ಕ್ರೀಮ್ ಹಚ್ಕೊಂಡ್ರೆ ಮುಗೀತು. ಆ ಕೊಳದಿಂದ ದೂರ ಇರಬೇಕಾದವರು ಈ ರೂಮಲ್ಲಿ ಯಾರಾದ್ರೂ ಇದ್ರೆ, ಸ್ವಾಮಿ, ಅದು ನೀವು."

ಹುಡುಗಿ ದೊಡ್ಡಪ್ಪನ ಮುಖ ನೋಡಿದಳು. ಇವರು ನೆಲ ನೋಡಿದರು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಚೆನ್ನಾಗಾಯಿತು ಅನ್ನಿಸಿತು.

ಸಾಹೇಬರು ತಮಗೆ ಏನೂ ಅಂಟಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಸಾಹೇಬರಾದರು. ಯಜಮಾನರು ವಾಸಿಯಾಗುವವರೆಗೆ ಗೇಟಿನೊಳಗೆ ಕಾಲಿಡಬಾರದು ಎಂದರು. ಹುಡುಗಿಯ ವಿಷಯಕ್ಕೆ ಬಂದಾಗ ಮಾತ್ರ ರಾಗ ಎಳೆದರು. "ಡಾಕ್ಟ್ರು ಹೇಳೋದು ಸರಿ. ಆದ್ರೆ ಪೋಷಕರು ಒಪ್ಪಬೇಕಲ್ಲ? ಆಯ್ಕೆ ದಿನ ನೋಡೋಣ. ಗಲಾಟೆ ಆಗ್ಲಿಲ್ಲ ಅಂದ್ರೆ ಇಳೀಲಿ. ಇನ್ನೊಂದು ವಿಷಯ, ಈಜುಕೊಳದ ಸೂಪರಿಂಟೆಂಡೆಂಟ್‌ಗೇ ಹುಳಕಡ್ಡಿ ಅಂತ ಗೊತ್ತಾದ್ರೆ ಇಲಾಖೆ ಮಾನ ಹೋಗುತ್ತೆ. ಹೊರಗಡೆ ಅತ್ತೆಯವರಿಗೆ ಅಂತಲೇ ಇರಲಿ."

ಅಮ್ಮ ಸಿಡಿಯುತ್ತಾರೆಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಅಮ್ಮ ಮೊಮ್ಮಗಳ ತಲೆ ಸವರುತ್ತಾ ಯೋಚಿಸಿದರು. "ಇರಲಿ ಬಿಡಿ. ಈಗ ಏನೂ ಗಲಾಟೆ ಬೇಡ. ನನ್ನ ಮಗು ನೀರಿಗಿಳಿದ್ರೆ ಸಾಕು, ತುರಿಕೆ ನಂದೇ ಅಂತ ಇಟ್ಕೊಳ್ಳಿ" ಎಂದರು. ಯಜಮಾನರು ತಲೆ ಎತ್ತಿ ಅಮ್ಮನನ್ನು ನೋಡಿ ಮತ್ತೆ ತಗ್ಗಿಸಿದರು.

ಆಯ್ಕೆಯ ಭಾನುವಾರ ಬಂತು. ಯಜಮಾನರು ಸಡಿಲವಾದ ಹತ್ತಿ ಅಂಗಿ, ಪಾಯಿಜಾಮ ಹಾಕಿಕೊಂಡು ಬೇಲಿಯ ಹೊರಗೆ ತಂತಿ ಹಿಡಿದು ನಿಂತರು. ಪಕ್ಕದಲ್ಲಿ ನಾನು, ಅಮ್ಮ. ಒಳಗೆ ಮೆಟ್ಟಿಲ ಮೇಲೆ ಅಪ್ಪಅಮ್ಮಂದಿರು ತುಂಬಿದ್ದರು, ತಂಗಿ ಒಂದು ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು. ಹೆಸರು ಕೂಗಿದರು. ಗೊದಮೊಟ್ಟೆ ತುಂಬುತೋಳಿನ ಅಂಗಿ ತೆಗೆದಿಟ್ಟು, ಬರಿ ಮೊಣಕೈಯಲ್ಲಿ ನಡೆದು 'ನಾಲ್ಕು' ಎಂದು ಬರೆದ ಕಟ್ಟೆಯ ಮೇಲೆ ನಿಂತಳು.

"ಒಂದ್ನಿಮಿಷ!" ಎಂದು ತಂಪು ಕನ್ನಡಕದ ಒಬ್ಬರು ಎದ್ದರು. ಐದನೇ ಕಟ್ಟೆಯ ಹುಡುಗಿಯ ಅಪ್ಪ. "ಆ ಮಗು ಕೈ ನೋಡಿ ಸಾರ್. ಇದೇ ಕೊಳದ ಸೂಪರಿಂಟೆಂಡೆಂಟೇ ಅವಳನ್ನ ವಾಪಸ್ ಕಳಿಸಿದ್ರು, ನನ್ನ ಮಗಳೇ ನೋಡಿದ್ದಾಳೆ. ಅವರು ಸ್ವಂತ ಸಂಬಂಧಿಕರನ್ನೇ ಬಿಡಲಿಲ್ಲ ಅಂದ್ರೆ ಅದೆಂಥ ಕಾಯಿಲೆ ಇರ್ಬೇಕು!"

"ಹೌದು ಹೌದು, ಅವರಿಗೆ ಗೊತ್ತಾಗದೆ ಇರುತ್ತಾ!" ಎಂದು ನಾಲ್ಕು ಕಡೆಯಿಂದ ದನಿ ಎದ್ದಿತು. ಮಕ್ಕಳನ್ನು ಕೆಲವರು ಹಿಂದಕ್ಕೆ ಕರೆದರು. ಸಾಹೇಬರು ಡಾಕ್ಟರು ಹೇಳಿದ್ದನ್ನು ನುಂಗಿಕೊಂಡು, "ಮಗಳೇ, ಸ್ವಲ್ಪ ಕೆಳಗಿಳಿ, ನೋಡೋಣ" ಎಂದರು. ಗೊದಮೊಟ್ಟೆ ಎರಡೂ ಅಂಗೈಯಲ್ಲಿ ಎರಡೂ ಮೊಣಕೈ ಮುಚ್ಚಿಕೊಂಡು ಕಟ್ಟೆಯಿಂದ ಇಳಿಯಲು ಕಾಲು ಚಾಚಿದಳು.

ಯಜಮಾನರು ತಂತಿ ಬಿಟ್ಟರು. ಬೇಲಿಯ ಪಕ್ಕ ನೀರಿನ ಪಂಪಿನ ಸಿಮೆಂಟು ಕಟ್ಟೆಯಿತ್ತು, ಅದರ ಮೇಲೆ ಹತ್ತಿದರು. ಬಿದ್ದಾರು ಎಂದು ನಾನು ಪಾಯಿಜಾಮ ಹಿಡಿದುಕೊಂಡೆ.

"ಏಯ್, ಇಳೀಬೇಡ ಮಗೂ! ಅಲ್ಲೇ ನಿಂತ್ಕೋ!" ಎಂದು ಕಿರುಚಿದರು. ಕೊಳದ ಸುತ್ತ ಇದ್ದವರೆಲ್ಲ ತಿರುಗಿದರು. "ಸೂಪರಿಂಟೆಂಡೆಂಟ್ ಹೇಳಿದ್ದು ಅಂತೀರಲ್ಲ, ಆ ಸೂಪರಿಂಟೆಂಡೆಂಟ್ ನಾನೇ. ಮಹಾ ಪೆದ್ದ! ನನಗೆ ಚರ್ಮದ ವಿಷಯ ಒಂದಕ್ಷರ ಗೊತ್ತಿಲ್ಲ. ಆ ಹುಡುಗಿದು ಅಂಟಲ್ಲ. ಅಂಟುರೋಗ ಹೇಗಿರುತ್ತೆ ಅಂತ ನೋಡ್ಬೇಕಾ? ಬನ್ನಿ, ಇಲ್ಲಿ ನೋಡಿ!"

ಎನ್ನುತ್ತಾ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತೇಬಿಟ್ಟರು. ಎತ್ತಿದ ರಭಸಕ್ಕೆ ಅದು ಮುಖದ ಮೇಲೆ ಹೋಗಿ ಕೂತಿತು. ಇಡೀ ಭೂಪಟ ಬೆಳಗಿನ ಬಿಸಿಲಿಗೆ ತೆರೆದುಕೊಂಡಿತು. ಮಕ್ಕಳು "ಹೋ..." ಎಂದು ಕೂಗಿದರು. ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಹಾಗಾದ್ರೆ ನಿಮ್ಮತ್ತೆಗೆ ಅಂತಿದ್ರಲ್ಲ?" ಎಂದು ಯಾರೋ ಕೇಳಿದರು.

"ಅತ್ತೆಗಲ್ಲ! ಅವರ ಮೈ ಚಿನ್ನ! ಅವರ ಹೆಸರಲ್ಲಿ ಮುಲಾಮು ತಂದ ಕಳ್ಳ ನಾನು!" ಎಂದಿತು ಅಂಗಿ. "ನಾನು ಇಲ್ಲಿ ಹೊರಗಡೆ ನಿಂತಿದ್ದೀನಿ, ನೀರಿಗೆ ಬರಲ್ಲ. ಅವಳು ಒಳಗಡೆ ಇರಬೇಕಾದವಳು. ಅವಳನ್ನ ನೀರಿಗೆ ಇಳಿಸೋವರೆಗೂ ನಾನು ಹೀಗೇ ನಿಂತಿರ್ತೀನಿ, ಎಲ್ಲರೂ ನೋಡ್ತಾ ಇರಿ!"

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಹೊಟ್ಟೆಯನ್ನು ಹೆಚ್ಚು ಹೊತ್ತು ನೋಡುವ ಶಕ್ತಿ ಯಾರಿಗೂ ಇರಲಿಲ್ಲ. ತಂಪು ಕನ್ನಡಕದವರು ಕೂತರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಸಾಹೇಬರ ಅಪ್ಪಣೆಗೆ ಕಾಯದೆ ಕೋಚ್ ಸೀಟಿ ಬಾಯಿಗಿಟ್ಟುಕೊಂಡರು. ಗೊದಮೊಟ್ಟೆ ಮೊಣಕೈಗಳ ಮೇಲಿನಿಂದ ಕೈ ತೆಗೆದು, ಮುಂದಕ್ಕೆ ಬಾಗಿ ಕಟ್ಟೆಯ ಅಂಚು ಹಿಡಿದಳು. ಕೋಚ್ ಸೀಟಿ ಊದಿದರು. ದೂರದ ಮೂಲೆಯಿಂದ ತಂಗಿ ನನ್ನ ಕಡೆ ನೋಡಿ, "ಅಕ್ಕಾ!" ಎಂದು ಕೂಗಿದಳು.

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಈ ಪೆದ್ದು ಮನುಷ್ಯನನ್ನು ಕಟ್ಟಿಕೊಂಡಿದ್ದಕ್ಕೆ ಅವತ್ತು ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಹೆಮ್ಮೆಯಾಯಿತು.

"ಏನಾಯ್ತೇ? ಇಳಿದ್ಲಾ?" ಎಂದು ಕೇಳಿದರು ಅಂಗಿಯೊಳಗಿಂದ.

"ಇಳಿದ್ಲು ರೀ. ಸಾಕು, ನೀವೂ ಇಳೀರಿ."

"ಎಲ್ಲಿದ್ದಾಳೆ?"

"ಸ್ವಲ್ಪ ಹಿಂದಿದ್ದಾಳೆ. ಹಿಡೀತಾಳೆ ಬಿಡಿ."

"ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ತೀನಿ. ಮಧ್ಯದಲ್ಲಿ ಯಾರಾದ್ರೂ ನಿಲ್ಲಿಸಿಬಿಟ್ರೆ?" ಎಂದರು. ಅವಳು ಆಚೆ ಗೋಡೆ ಮುಟ್ಟುವವರೆಗೂ ಅವರು ಅಂಗಿ ಇಳಿಸಲಿಲ್ಲ.